ಕೋವಿ ಠಾಣೆಯಲ್ಲಿ, ಹಂದಿ ತೋಟದಲ್ಲಿ

ಚುನಾವಣೆ ಘೋಷಣೆಯಾಯಿತೆಂದರೆ ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ಕೃಷಿಕರ ಮನೆಗಳಿಗೆ ಠಾಣೆಯಿಂದ ಫೋನು ಬರುತ್ತದೆ. ‘ಕೋವಿ ತಂದು ಇಟ್ಟುಬಿಡಿ ಮಾರಾಯ್ರೆ, ಮೇಲಿನಿಂದ ಆರ್ಡರು.’ ಕೃಷಿಕ ಹಳೆ ಬೆಡ್‌ಶೀಟಿನಲ್ಲಿ ಕೋವಿ ಸುತ್ತಿಕೊಂಡು ಜೀಪು ಹತ್ತುತ್ತಾನೆ. ಠಾಣೆಯಲ್ಲಿ ನಂಬರು ಬರೆದು, ಚೀಟಿ ಕಟ್ಟಿ, ಮೂಲೆಗೆ ಒರಗಿಸುತ್ತಾರೆ. ಅದೇ ರಾತ್ರಿ ಹಂದಿ ತೋಟಕ್ಕೆ ಇಳಿಯುತ್ತದೆ. ಅದಕ್ಕೆ ನೀತಿಸಂಹಿತೆ ಅನ್ವಯಿಸುವುದಿಲ್ಲವಷ್ಟೆ.

2024ರ ಲೋಕಸಭಾ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ. ದಕ್ಷಿಣ ಕನ್ನಡದಲ್ಲಿ ಮತದಾನ ಏಪ್ರಿಲ್ 26ಕ್ಕೇ ಮುಗಿಯಿತು. ಆದರೆ ದೇಶದ ಎಣಿಕೆ ನಡೆದದ್ದು ಜೂನ್ 4ಕ್ಕೆ. ಗೇರು ಹಣ್ಣಾಗುವ, ಹಲಸು ಬಲಿಯುವ, ಮಂಗನ ಹಿಂಡು ಎಳನೀರು ಕಿತ್ತು ಕೆಡಹುವ ಆ ತಿಂಗಳುಗಳಷ್ಟೂ ಸಂಹಿತೆಯ ಅವಧಿ. ಅದಕ್ಕೆ ಒಂದು ವರ್ಷ ಹಿಂದೆ ವಿಧಾನಸಭೆಯದ್ದೂ ಅದೇ ಕಥೆ. 2023ರ ಮಾರ್ಚ್ 29ಕ್ಕೆ ಘೋಷಣೆ, ಮೇ 13ಕ್ಕೆ ಎಣಿಕೆ. ಪಂಚಾಯತು ಚುನಾವಣೆಯ ಲೆಕ್ಕ ಬೇರೆ. ವರ್ಷಕ್ಕೊಮ್ಮೆ ಒಂದಲ್ಲ ಒಂದು ಚುನಾವಣೆ ಬರುವ ದೇಶದಲ್ಲಿ ಬೆಳೆ ರಕ್ಷಣೆಗೆಂದು ಸರಕಾರವೇ ಕೊಟ್ಟ ಕೋವಿ ಬೆಳೆ ಇರುವ ಕಾಲದಲ್ಲೇ ಮನೆಯಲ್ಲಿರುವುದಿಲ್ಲ.

ಎಲ್ಲರ ಕೋವಿಯನ್ನೂ ಕಣ್ಣುಮುಚ್ಚಿ ಗುಡಿಸಿ ತನ್ನಿ ಎಂದು ಚುನಾವಣಾ ಆಯೋಗ ಹೇಳಿಲ್ಲ. ಜಿಲ್ಲಾಧಿಕಾರಿ ಮತ್ತು ಪೊಲೀಸ್ ವರಿಷ್ಠಾಧಿಕಾರಿ ಇರುವ ಪರಿಶೀಲನಾ ಸಮಿತಿ ಕೂತು ಲೈಸೆನ್ಸುದಾರರನ್ನು ಒಬ್ಬೊಬ್ಬರನ್ನಾಗಿ ನೋಡಬೇಕು. ಜಾಮೀನಿನ ಮೇಲೆ ಹೊರಗಿರುವವರು, ಕ್ರಿಮಿನಲ್ ಹಿನ್ನೆಲೆಯವರು, ಹಿಂದೆ ಚುನಾವಣೆ ಕಾಲದಲ್ಲಿ ಗಲಭೆಯಲ್ಲಿ ಸಿಕ್ಕಿದವರು, ಇಂಥವರ ಕೋವಿ ಇಡಿಸಿಕೊಳ್ಳಬೇಕು. ಸೂಚನೆಯ ತಿರುಳು ಅಷ್ಟೇ. ಎಪ್ಪತ್ತು ದಾಟಿದ ಅಡಿಕೆ ಬೆಳೆಗಾರರು ಈ ಪಟ್ಟಿಯಲ್ಲಿ ಎಲ್ಲಿ ಬರುತ್ತಾರೆ? ಸಮಿತಿ ಕೂರುವುದು ಕಷ್ಟ, ಒಂದೇ ಸುತ್ತೋಲೆಯಲ್ಲಿ ಎಲ್ಲರನ್ನೂ ಕರೆಯುವುದು ಸುಲಭ. ಕಷ್ಟ ಯಾರಿಗೆ ಎಂಬುದು ಸುತ್ತೋಲೆಯಲ್ಲಿ ಬರೆದಿರುವುದಿಲ್ಲ.

ಕೋವಿ ಇಡುವ ತಾಪತ್ರಯ ಹೀಗಾದರೆ ಕೊಳ್ಳುವ ತಾಪತ್ರಯ ಇನ್ನೊಂದು. 1959ರ ಆಯುಧ ಕಾಯಿದೆ ಕೃಷಿಕನ ವಿಚಾರದಲ್ಲಿ ನೋಡಿದರೆ ಉದಾರವಾಗಿಯೇ ಇದೆ. ನಿಜವಾದ ಬೆಳೆ ರಕ್ಷಣೆಗೆ ಕೇಪಿನ ಕೋವಿ ಬೇಕೆಂದು ಅರ್ಜಿ ಹಾಕಿದವನಿಗೆ, ಅಡ್ಡಿಯೇನೂ ಇಲ್ಲದಿದ್ದರೆ, ಲೈಸೆನ್ಸು ಕೊಡಬೇಕೆಂದೇ 13ನೇ ಕಲಮು ಹೇಳುತ್ತದೆ. ಕೇಪಿನ ಕೋವಿ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ತೋಟೆ ಕೋವಿಗೂ ಕೊಡಬಹುದು. 2016ರ ನಿಯಮಗಳು ಪೊಲೀಸ್ ವರದಿಗೆ 30 ದಿನದ ಗಡುವನ್ನೂ ಹಾಕಿವೆ. ಕಾಗದದಲ್ಲಿ ಇಷ್ಟೆಲ್ಲ ಸಲೀಸು. ಅರ್ಜಿ ಹಿಡಿದು ಓಡಾಡಿದವರನ್ನು ಕೇಳಿ: ಠಾಣೆಯಿಂದ ತಾಲೂಕು ಕಚೇರಿಗೆ, ಅಲ್ಲಿಂದ ಅರಣ್ಯ ಇಲಾಖೆಗೆ, ಮತ್ತೆ ‘ಫೈಲು ಮೇಲಿದೆ’. ಪುಷ್ಪಗಿರಿ, ಸೋಮೇಶ್ವರ, ಮೂಕಾಂಬಿಕಾದಂಥ ಅಭಯಾರಣ್ಯದ 10 ಕಿಲೋಮೀಟರ್ ಒಳಗಿನವರ ಪಾಡು ಇನ್ನೂ ಬಿಗಿ. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಲ್ಲಿ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪಾಲಕರ ಒಪ್ಪಿಗೆ ಮೊದಲೇ ಬೇಕು. ಹಂದಿ ಹೆಚ್ಚು ಇರುವುದೂ ಅಲ್ಲಿಯೇ ಎನ್ನುವುದು ಬೇರೆ ಮಾತು.

ಇನ್ನು ಯಾವ ಕೋವಿ? ಈಗಿನ ಹುಡುಗರ ಕೈಯಲ್ಲಿ ಮೊಬೈಲು ಇದೆ. ಅಮೆರಿಕದ ರೈಫಲುಗಳನ್ನು ಅದರಲ್ಲಿ ನೋಡುತ್ತಾರೆ. 1964ರಿಂದ ತಯಾರಾಗುತ್ತಿರುವ ರೂಗರ್ 10/22 ಎಂಬುದೊಂದು ಸೆಮಿ ಆಟೋಮ್ಯಾಟಿಕ್. ಒಮ್ಮೆ ಟ್ರಿಗರ್ ಒತ್ತಿದರೆ ಒಂದು ಗುಂಡು ಹಾರಿ, ಮುಂದಿನದು ತಾನಾಗಿ ನಳಿಗೆಗೆ ಬಂದು ಕೂರುತ್ತದೆ. ಮ್ಯಾಗಜೀನಿನಲ್ಲಿ ಹತ್ತು ಗುಂಡು. ಅಲ್ಲಿ ಅದು ಬಡವರಿಗೂ ಎಟಕುವ ಬಂದೂಕು. ನಳಿಗೆ, ಹಿಡಿ, ಟ್ರಿಗರ್, ದುರ್ಬೀನು ಎಲ್ಲವನ್ನೂ ಅಂಗಡಿಯಿಂದ ತಂದು ಮನೆಯಲ್ಲೇ ಬದಲಿಸಿಕೊಳ್ಳುತ್ತಾರಂತೆ, ಇಲ್ಲಿ ಬೈಕಿಗೆ ಹ್ಯಾಂಡಲು ಬದಲಿಸಿದ ಹಾಗೆ. ‘ನಮಗೂ ಒಂದು ಅಂಥದ್ದು ಸಿಕ್ಕಿದ್ದರೆ’ ಎಂದು ತೋಟದ ಹುಡುಗನಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಈ ದೇಶದಲ್ಲಿ ಬೆಳೆ ರಕ್ಷಣೆಯ ಲೈಸೆನ್ಸು ಎಂದರೆ ಸೆಮಿ ಆಟೋಮ್ಯಾಟಿಕ್ ರೈಫಲಿನ ಲೈಸೆನ್ಸಲ್ಲ. ವಿದೇಶಿ ಕೋವಿಯನ್ನು ಸಾಮಾನ್ಯರು ತರಿಸಿಕೊಳ್ಳುವ ಬಾಗಿಲು ಕೂಡ 1980ರ ದಶಕದಲ್ಲೇ ಮುಚ್ಚಿತು.

ಸಾಮಾನ್ಯರಿಗೆ ರೈಫಲ್ ಎಂದರೆ ಬಹುಕಾಲದಿಂದ ಸರಕಾರಿ ಕಾರ್ಖಾನೆಯ ಪಾಯಿಂಟ್ 315. ಪಶ್ಚಿಮ ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ತಯಾರಾದದ್ದು. 2021ರ ಅಕ್ಟೋಬರಿನಿಂದ ಆ ಕಾರ್ಖಾನೆ ಸರಕಾರಿ ಕಂಪೆನಿಯೊಂದರ ಕೆಳಗಿದೆ. ಪ್ರತಿ ಗುಂಡಿಗೂ ಬೋಲ್ಟ್ ಎಳೆದು ದೂಡಬೇಕು. ಗಟ್ಟಿ ಸಾಮಾನು, ಸುಳ್ಳಲ್ಲ. ಆದರೂ ತೋಟಕ್ಕೆ ಅದು ಹೇಳಿಸಿದ್ದಲ್ಲ. ಅದರ ಗುಂಡು ಗುರಿ ತಪ್ಪಿದರೆ ಒಂದು ಕಿಲೋಮೀಟರ್ ಆಚೆಗೂ ಜೀವ ತೆಗೆಯಬಲ್ಲದು. ಗುಡ್ಡಕ್ಕೊಂದು ಮನೆ, ಮನೆಗೊಂದು ಕಾಲುದಾರಿ ಇರುವ ಈ ಸೀಮೆಯಲ್ಲಿ ಬೆಳಗಾತ ಅಡಿಕೆ ಹೆಕ್ಕಲು ಹೋಗುವ ಹೆಂಗಸರು ಆ ಒಂದು ಕಿಲೋಮೀಟರ್ ಒಳಗೇ ಇರುತ್ತಾರೆ. ಅದಕ್ಕಿಂತ 12 ಬೋರಿನ ಒಂಟಿ ನಳಿಗೆ ಅಥವಾ ಜೋಡು ನಳಿಗೆ ತೋಟೆ ಕೋವಿಯೇ ಮೇಲು. ಚರೆಯ ಬಿರುಸು ನಲವತ್ತು ಐವತ್ತು ಗಜದಾಚೆಗೆ ಇಳಿಯುತ್ತಾ ಹೋಗುತ್ತದೆ. (12 ಬೋರ್ ಎಂಬ ಹೆಸರಿನ ಮೂಲ ಹಲವರಿಗೆ ತಿಳಿದಿರಲಾರದು. ಆ ನಳಿಗೆಗೆ ಸರಿಹೊಂದುವ ಸೀಸದ ಉಂಡೆಗಳು ಹನ್ನೆರಡು ಸೇರಿದರೆ ಒಂದು ಪೌಂಡು ತೂಗುತ್ತವೆ. ಹಾಗಾಗಿ ನಂಬರು ದೊಡ್ಡದಾದಷ್ಟೂ ನಳಿಗೆ ಸಣ್ಣದು.)

ಹೊಸತಕ್ಕೆ ದುಡ್ಡು ಸಾಲದವನು ಹಳತು ಹುಡುಕುತ್ತಾನೆ. ತಪ್ಪಿಲ್ಲ. ಅಪಾಯ ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ. ನಳಿಗೆ ಉದ್ದವಾಯಿತು, ಪೊದೆಗೆ ಸಿಕ್ಕಿಕೊಳ್ಳುತ್ತದೆ ಎಂದು ಪರಿಚಯದ ಕಮ್ಮಾರನ ಹತ್ತಿರ ಕತ್ತರಿಸಿಕೊಂಡು ಬರುವವರಿದ್ದಾರೆ. ಕುದುರೆ ಸಡಿಲವಾಯಿತೆಂದು ಬೆಸುಗೆ ಹಾಕಿಸುವವರಿದ್ದಾರೆ. ಕೋವಿ ರಿಪೇರಿಗೂ ಲೈಸೆನ್ಸು ಬೇಕೆಂದು ಕಾಯಿದೆಯ 5ನೇ ಕಲಮು, ನಳಿಗೆ ಮೊಟಕುಗೊಳಿಸಲು ಲೈಸೆನ್ಸು ಬೇಕೆಂದು 6ನೇ ಕಲಮು ಹೇಳುತ್ತವೆ. 2019ರ ತಿದ್ದುಪಡಿಯ ನಂತರ ಈ ಅಪರಾಧಗಳಿಗೆ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸಜೆ, ಜೀವಾವಧಿಯವರೆಗೂ ಆಗಬಹುದು. ಕತ್ತರಿಸಿ ಕೊಟ್ಟವನಿಗೆ ಒಂದು ಗಂಟೆಯ ಕೆಲಸ. ಏರ್‌ಗನ್ನಿನ ಮಾತೂ ಹೀಗೆಯೇ. ಸಣ್ಣ ಬೋರಿನ, 20 ಜೂಲ್‌ಗಿಂತ ಕಡಿಮೆ ಬಲದ ಏರ್‌ಗನ್ನಿಗೆ ಲೈಸೆನ್ಸು ಬೇಡ. ಮಂಗನಿಗೆ ಸಾಲದೆಂದು ಅದರ ಸ್ಪ್ರಿಂಗು ಬದಲಿಸಿ ಬಲ ಏರಿಸಿದ ದಿನವೇ ಅದು ಲೈಸೆನ್ಸು ಬೇಕಾದ ಆಯುಧವಾಗಿ ಬದಲಾಗಬಹುದು ಎಂಬುದನ್ನು ಮಾರುವವನೂ ಹೇಳುವುದಿಲ್ಲ, ಕೊಳ್ಳುವವನೂ ಕೇಳುವುದಿಲ್ಲ.

ಹೀಗೆಲ್ಲ ಮಾಡುವವರು ಪುಂಡರೇ? ಬಹುಪಾಲು ಅಲ್ಲ. ಲೈಸೆನ್ಸು ಪಡೆದ ರಿಪೇರಿಯವ ಹತ್ತಿರದಲ್ಲಿಲ್ಲ, ಕೋವಿ ಹೊತ್ತು ಮಂಗಳೂರಿಗೆ ಹೋಗಿಬಂದರೆ ಒಂದು ದಿನದ ಕೆಲಸ ಹಾಳು. ಅದರ ಮೇಲೆ, ಠಾಣೆಯಲ್ಲಿ ಎರಡು ಮೂರು ತಿಂಗಳು ತೇವದ ಗೋಡೆಗೆ ಒರಗಿದ ಕೋವಿ ವಾಪಸು ಬರುವಾಗ ನಳಿಗೆಯೊಳಗೆ ತುಕ್ಕು, ಮರದ ಹಿಡಿಯಲ್ಲಿ ಬಿರುಕು. ಎಣ್ಣೆ ಹಚ್ಚಿ ಇಡುವ ಜವಾಬ್ದಾರಿ ಯಾರದ್ದೆಂದು ಕೇಳಿದರೆ ಕೇಳಿದವನೇ ತಪ್ಪಿತಸ್ಥ. ತುಕ್ಕು ಹಿಡಿದ ನಳಿಗೆ ಒಡೆದರೆ ಹೋಗುವುದು ಹಿಡಿದವನ ಕೈಬೆರಳು, ಕಣ್ಣು.

ಸಂಪಾಜೆಯಲ್ಲಿ ನಿಂತು ನೋಡಿದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ಗಡಿಯ ಆಚೆ ಕೊಡಗು ಸಂಪಾಜೆ, ಈಚೆ ದಕ್ಷಿಣ ಕನ್ನಡ ಸಂಪಾಜೆ. ಆಚೆಗೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಿಂದ ಬಂದ ವಿನಾಯಿತಿಯಿದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಕೈಲ್‌ಪೊಳ್ದಿಗೆ ಕೋವಿಗೆ ಹೂ ಮುಡಿಸಿ ಪೂಜಿಸುವ ಜನ ಅವರು, ಅವರ ಹಕ್ಕಿಗೆ ಯಾರ ತಕರಾರೂ ಬೇಡ. ಆದರೆ ಈಚೆಯವನೂ ಅದೇ ಕಾಡಿನ ಅಂಚಿನವ. ಹಂದಿಗಳಿಗೆ ಎರಡು ಜಿಲ್ಲೆಗಳ ಭೇದ ತಿಳಿಯದು. ವಿನಾಯಿತಿ ಬೇಕೆಂದು ಈಚೆಯವ ಕೇಳುತ್ತಿಲ್ಲ. ಕಾಯಿದೆಯಲ್ಲಿ ಬರೆದದ್ದು ಬರೆದ ದಿನಗಳೊಳಗೆ ಸಿಗಲಿ ಎನ್ನುತ್ತಾನೆ ಅಷ್ಟೆ.

ಕೃಷಿಕರಿಗೂ ಒಂದು ಮಾತು ಹೇಳಲೇಬೇಕು. ಬೆಳೆ ರಕ್ಷಣೆಯ ಲೈಸೆನ್ಸು ಎಂದರೆ ಬೇಟೆಯ ಪರವಾನಗಿ ಅಲ್ಲ. ಕಾಡುಹಂದಿ ಈಗ ವನ್ಯಜೀವಿ ಕಾಯಿದೆಯ ಎರಡನೇ ಪಟ್ಟಿಯಲ್ಲಿದೆ. ಅದನ್ನು ಹೊಡೆಯಲು ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಲಿಖಿತ ಆಜ್ಞೆ ಬೇಕು. ನವಿಲು, ಆನೆ ಮೊದಲ ಪಟ್ಟಿಯವು, ಅವುಗಳ ತಂಟೆಗೆ ಹೋಗುವಂತೆಯೇ ಇಲ್ಲ. ಆಜ್ಞೆಯಿಲ್ಲದವನ ಕೋವಿ ಗಾಳಿಯಲ್ಲಿ ಗುಂಡು ಹಾರಿಸಿ ಹೆದರಿಸಲಿಕ್ಕೆ ಮಾತ್ರ. ಮಾಂಸದಾಸೆಗೆ ನಾಲ್ಕು ಜನ ಗುಂಡು ಹಾರಿಸಿದರೆ ನಲವತ್ತು ಜನರ ಅರ್ಜಿ ಕೊಳೆಯುತ್ತದೆ. ಮದುವೆ, ಕೋಲ, ಗೆಲುವಿನ ಮೆರವಣಿಗೆಗಳಲ್ಲಿ ಕೋವಿ ಸಿಡಿಸಿ ಜನರ ಜೀವಕ್ಕೆ ಅಪಾಯ ತಂದರೆ 2019ರ ನಂತರ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಜಿಲ್ಲಾಡಳಿತ ಮಾಡಬೇಕಾದದ್ದು ದೊಡ್ಡ ಕೆಲಸವೇನಲ್ಲ. ಮುಂದಿನ ಚುನಾವಣೆ ಘೋಷಣೆಯಾಗುವ ಮೊದಲೇ, ಪುರುಸೊತ್ತಿರುವ ತಿಂಗಳಲ್ಲಿ, ಪರಿಶೀಲನಾ ಸಮಿತಿ ಕೂತು ಯಾರ ಕೋವಿ ಇಡಿಸಿಕೊಳ್ಳಬೇಕೆಂಬ ಪಟ್ಟಿ ಸಿದ್ಧಪಡಿಸಲಿ, ಉಳಿದವರನ್ನು ಬಿಟ್ಟುಬಿಡಲಿ. ಇಡಿಸಿಕೊಂಡ ಕೋವಿಗೆ ಒಣ ಕೋಣೆ, ಎಣ್ಣೆ, ಸರಿಯಾದ ರಶೀದಿ ಇರಲಿ. ತಾಲೂಕಿಗೆ ವರ್ಷಕ್ಕೆರಡು ಬಾರಿಯಾದರೂ ಲೈಸೆನ್ಸುದಾರ ರಿಪೇರಿಯವನನ್ನು ಠಾಣೆಯ ಆವರಣಕ್ಕೇ ಕರೆಸಿ ಕೋವಿ ತಪಾಸಣೆ ನಡೆಯಲಿ. ಎಪ್ಪತ್ತು ತುಂಬಿದವರು ಅಥವಾ 25 ವರ್ಷ ಕೋವಿ ಇಟ್ಟುಕೊಂಡವರು ಮಕ್ಕಳ ಹೆಸರಿಗೆ ಬರೆಸಲು ನಿಯಮದಲ್ಲೇ ಅವಕಾಶವಿದೆ. ಅಪ್ಪ ಸತ್ತ ಮೇಲೆ ಮಗನನ್ನು ಓಡಾಡಿಸುವ ಬದಲು ಇದನ್ನು ಪಂಚಾಯತು ಬೋರ್ಡಿನಲ್ಲಿ ಬರೆದು ಹಾಕಿಸಲಿ. ಕಳೆದ ಬಾರಿ ಇಟ್ಟ ಕೋವಿಗಳಲ್ಲಿ ವಾರಸುದಾರರು ಬಿಡಿಸಿಕೊಳ್ಳದೆ ಉಳಿದವು ಎಷ್ಟು, ಏಕೆ ಉಳಿದವು ಎಂಬ ಲೆಕ್ಕವನ್ನೂ ಇದೇ ವೇಳೆ ಠಾಣೆವಾರು ತರಿಸಿಕೊಂಡು ಪ್ರಕಟಿಸಲಿ.