ಅರ್ಧ ದಾರಿಯಲ್ಲಿರೋ ಅರ್ಜಿಯ ಗತಿ ಏನು?

'ಬಳಕೆದಾರರೇ ತಮ್ಮ ಕೆಲಸದ ಹಂತಗಳನ್ನು ರೂಪಿಸಿಕೊಳ್ಳುವ ವೆಬ್ ಅಪ್ಲಿಕೇಶನ್' ಅಂತ ಪ್ರಾಜೆಕ್ಟ್ ಶುರು ಮಾಡಿದ ಕೂಡಲೇ ನಮ್ಮಲ್ಲಿ ಒಂದೇ ಚರ್ಚೆ: ಯಾವ ವರ್ಕ್‌ಫ್ಲೋ ಎಂಜಿನ್ ಹಾಕೋಣ, ಕ್ಯಾಮುಂಡಾನಾ, ಟೆಂಪೊರಲ್ಲಾ? ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ನಿಯಮ ಬದಲಾದ ದಿನ, ಆಗಲೇ ಅರ್ಧ ದಾರಿಗೆ ಬಂದಿರುವ ಅರ್ಜಿಗಳು ಏನಾಗ್ತವೆ?

ದೊಡ್ಡನೆಕ್ಕುಂದಿಯನ್ನೇ ನೋಡಿ. 2007ರಲ್ಲಿ ಅದು ಬಿಬಿಎಂಪಿ ವ್ಯಾಪ್ತಿಗೆ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಊರು ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿತು. ಮನೆ ಅದೇ, ಖಾತಾ ಅದೇ, ಮೇಲಿನ ಕಚೇರಿ ಮಾತ್ರ ಬೇರೆ. ಇಂಥ ಕಡೆ ಯಾರ ನಂತರ ಯಾರು ಸಹಿ ಹಾಕಬೇಕು ಅನ್ನೋದನ್ನ ಕೋಡ್‌ನಲ್ಲೇ ಬರೆದಿಟ್ಟರೆ, ಸರ್ಕಾರ ಆದೇಶ ಹೊರಡಿಸಿದಾಗಲೆಲ್ಲ ಡೆವಲಪರ್ ಎದ್ದು ಕೂರಬೇಕು.

ಇನ್ನೊಂದು ವಿಷಯ ಸಮಯ. 2011ರ ಸಕಾಲ ಕಾಯ್ದೆ ಪ್ರಕಾರ ಸೇವೆಗೆ ಇಂತಿಷ್ಟೇ ದಿನ ಅಂತ ಗಡುವು ಇದೆ. ತಡವಾದರೆ ಅರ್ಜಿದಾರರು ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಹೊಸ ನಿಯಮ ಬಂತು ಅಂತ ಎಂಜಿನ್ ಅರ್ಜಿಯನ್ನು ಮೊದಲ ಹಂತಕ್ಕೆ ತಳ್ಳಿ ಗಡಿಯಾರ ಸೊನ್ನೆಗೆ ತಂದರೆ, ಅದು ಬರೀ ಬಗ್ ಅಲ್ಲ. ಒಬ್ಬರ ಹಕ್ಕೇ ಹೋಯ್ತು.

ಈ ಕಣ್ಣಿಂದ ಎಂಜಿನ್‌ಗಳನ್ನು ನೋಡೋಣ. ಊಬರ್‌ನ ಕೇಡೆನ್ಸ್‌ನಿಂದ 2019ರಲ್ಲಿ ಕವಲೊಡೆದ ಟೆಂಪೊರಲ್‌ನಲ್ಲಿ ಪ್ರಕ್ರಿಯೆ ಅಂದ್ರೆ ಕೋಡ್. ಪೇಮೆಂಟ್‌ನಂಥ ಕೆಲಸಕ್ಕೆ ಭರ್ಜರಿ. ಆದರೆ ಕಚೇರಿಯ ಗುಮಾಸ್ತರು ಅದರಲ್ಲಿ ಒಂದು ಹಂತ ಸೇರಿಸಲಾರರು. ಸೇರಿಸುವಂತೆ ಮಾಡಬೇಕಾದರೆ ಅದರ ಮೇಲೆ ಇನ್ನೊಂದು ಎಂಜಿನ್ ನೀವೇ ಬರೀಬೇಕು!

ಬಿಪಿಎಂಎನ್ ಬಳಗದ್ದು ಬೇರೆ ದಾರಿ. ಆಕ್ಟಿವಿಟಿಯಿಂದ 2013ರಲ್ಲಿ ಕ್ಯಾಮುಂಡಾ, 2016ರಲ್ಲಿ ಫ್ಲೋವೆಬಲ್ ಬೇರೆಯಾದವು. ಇಲ್ಲಿ ಚಿತ್ರವೇ ಪ್ರಕ್ರಿಯೆ. ಹೊಸ ಚಿತ್ರ ಹಾಕಿದರೆ ಹೊಸ ಆವೃತ್ತಿ. ಹಳೇ ಅರ್ಜಿಗಳು ಹಳೇ ಚಿತ್ರದಲ್ಲೇ ಸಾಗ್ತವೆ, ಬೇಕಿದ್ದರೆ ಹೊಸದಕ್ಕೆ ವರ್ಗಾಯಿಸಬಹುದು. ನಮ್ಮ ಪ್ರಶ್ನೆಗೆ ನೇರ ಉತ್ತರ ಇದು. ಆದರೆ ಪರವಾನಗಿ ನೋಡ್ಕೊಳ್ಳಿ: ಕ್ಯಾಮುಂಡಾ 7ರ ಉಚಿತ ಆವೃತ್ತಿಯ ಕೊನೇ ಬಿಡುಗಡೆ 2025ರ ಅಕ್ಟೋಬರ್‌ನಲ್ಲೇ ಮುಗಿದಿದೆ. ಫ್ಲೋವೆಬಲ್‌ನ ಎಂಜಿನ್ ಇನ್ನೂ ಅಪಾಚೆ ಪರವಾನಗಿಯಲ್ಲಿದೆ.

ಮೂರನೆಯದು ನಮ್ಮೂರಿನದೇ. ಬೆಂಗಳೂರಿನ ಇ-ಗವ್ ಫೌಂಡೇಶನ್‌ನ ಡಿಜಿಟ್ ವೇದಿಕೆಯಲ್ಲಿ ಹಂತ, ಕ್ರಿಯೆ, ಪಾತ್ರ, ಗಡುವು ಇವಿಷ್ಟೂ ಕಾನ್ಫಿಗರೇಶನ್. ಅಂದರೆ ಪ್ರಕ್ರಿಯೆ ಒಂದು ಪಟ್ಟಿ. ಸಲ್ಲಿಸು, ಪರಿಶೀಲಿಸು, ವಾಪಸ್ ಕಳಿಸು, ಒಪ್ಪು: ಬಹುತೇಕ ಕಚೇರಿ ಕೆಲಸ ಇಷ್ಟೇ ತಾನೇ? ಇಂಥದ್ದಕ್ಕೆ ನನ್ನ ವೋಟು ಪಟ್ಟಿಗೇ. ಪೋಸ್ಟ್‌ಗ್ರೆಸ್‌ನಲ್ಲಿ ನಾಲ್ಕೈದು ಟೇಬಲ್ ಸಾಕು. ಪ್ರತಿ ಅರ್ಜಿಯ ಜೊತೆ ಆವೃತ್ತಿ ಸಂಖ್ಯೆ ಮತ್ತು ಸಲ್ಲಿಸಿದ ದಿನಾಂಕ ಇರಲೇಬೇಕು. ಅಗ್ನಿಶಾಮಕ, ಜಲಮಂಡಳಿ ಎರಡೂ ಕಡೆ ಅನುಮತಿ ಒಟ್ಟಿಗೇ ನಡೀಬೇಕು ಅಂತಾದರೆ ಮಾತ್ರ ಫ್ಲೋವೆಬಲ್‌ನತ್ತ ಹೋಗಿ.

ಯಾವುದನ್ನೇ ಆರಿಸಿ, ಡೆಮೊಗೆ ಮುಂಚೆ ಒಂದು ಪರೀಕ್ಷೆ ಮಾಡಿ. ಹತ್ತು ಅರ್ಜಿಗಳನ್ನು ಬೇರೆ ಬೇರೆ ಹಂತದಲ್ಲಿ ನಿಲ್ಲಿಸಿ, ಮಧ್ಯದ ಒಂದು ಹಂತ ಕಿತ್ತುಹಾಕಿ. ಹತ್ತೂ ದಿನಾಂಕ ಕಳೆದುಕೊಳ್ಳದೆ ದಡ ಸೇರಿದರೆ ಎಂಜಿನ್ ಸರಿಯಾಗಿದೆ ಅಂತ ಅರ್ಥ.