ಸಿಸ್ಟರ್‌ಗಳ ಶಾಲೆಯಲ್ಲೂ ಬಡಮಕ್ಕಳಿಗೆ ಶೇ 25 ಸೀಟು ಮೀಸಲಿರಬೇಕೆ?

ನುಗ್ಗೇಹಳ್ಳಿ ಹೋಬಳಿಯಲ್ಲಿ ಊರವರ ತೋಟಗಳಲ್ಲಿ ತೆಂಗಿನಕಾಯಿ ಕಿತ್ತು, ಸುಲಿದು, ದಿನಗೂಲಿಯಲ್ಲಿ ಸಂಸಾರ ತೂಗಿಸುವ ಮನೆಗಳಲ್ಲೂ ಮಗುವನ್ನು ಚನ್ನರಾಯಪಟ್ಟಣದ ಕಾನ್ವೆಂಟಿಗೆ ಹಾಕಬೇಕೆಂಬ ಆಸೆ ಇದೆ. ಅಡ್ಡ ನಿಲ್ಲುವುದು ದುಡ್ಡು. 2009ರ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಇಂಥವರನ್ನೇ ಮನಸ್ಸಿನಲ್ಲಿಟ್ಟುಕೊಂಡು, ಅನುದಾನರಹಿತ ಖಾಸಗಿ ಶಾಲೆಗಳು ಪ್ರವೇಶ ತರಗತಿಯ ಶೇ 25 ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಬಿಟ್ಟುಕೊಡಬೇಕೆಂದು ಹೇಳಿತು. ಆದರೆ 2014ರ ಮೇ 6ರಂದು ಪ್ರಮತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಅಲ್ಪಸಂಖ್ಯಾತರ ಶಾಲೆಗಳನ್ನು ಈ ಕಾಯ್ದೆಯಿಂದಲೇ ಹೊರಗಿಟ್ಟಿತು. ಕ್ರೈಸ್ತ ಧಾರ್ಮಿಕ ಸಭೆಗಳ ಶಾಲೆಗಳೂ ಹೊರಗುಳಿದವು. 2025ರ ಸೆಪ್ಟೆಂಬರ್ 1ರಂದು ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆ ಅನುಮಾನ ವ್ಯಕ್ತಪಡಿಸಿ, ವಿಷಯವನ್ನು ವಿಸ್ತೃತ ಪೀಠ ಪರಿಶೀಲಿಸಲೆಂದು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ಚರ್ಚೆಗೆ ಮತ್ತೆ ಜೀವ ಬಂದಿದೆ.

ಪರ

ಈ ಸಭೆಗಳು ಯಾಕೆ ಹುಟ್ಟಿದವು ಎಂಬಲ್ಲಿಂದಲೇ ಮಾತು ಶುರುವಾಗಬೇಕು. 1921ರಲ್ಲಿ ಮಂಗಳೂರಿನ ಬೆಂದೂರಿನಲ್ಲಿ ಪಾದ್ರಿ ರೇಮಂಡ್ ಫ್ರಾನ್ಸಿಸ್ ಕಮಿಲಸ್ ಮಸ್ಕರೇನ್ಹಸ್ ನಾಲ್ವರು ಯುವತಿಯರನ್ನು ಕಟ್ಟಿಕೊಂಡು ಬೆಥನಿ ಸಭೆಯನ್ನು ಆರಂಭಿಸಿದರು. ಪೇಟೆಯ ಹೆಣ್ಣುಮಕ್ಕಳಿಗೆ ಆಗಲೇ ಶಾಲೆಗಳಿದ್ದವು. ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸಿಸ್ಟರ್‌ಗಳು 1870ರಲ್ಲೇ ಮಂಗಳೂರಿಗೆ ಬಂದಿಳಿದಿದ್ದರು. ಮಸ್ಕರೇನ್ಹಸ್ ಅವರಿಗೆ ಕಂಡದ್ದು ಹಳ್ಳಿಯ ಬಡ ಹುಡುಗಿಯರು. ಅವರಿಗೆ ಓದು ಕಲಿಸಲು ಹಳ್ಳಿಗೇ ಹೋಗಿ ನೆಲೆಸುವ ಶಿಕ್ಷಕಿಯರು ಬೇಕಿತ್ತು. ಸಭೆ ಬೆಳೆದದ್ದು ಆ ಕೆಲಸದ ಬಲದಿಂದ.

ಬಡವರಿಗಾಗಿ ಮನೆ-ಮಠ ಬಿಟ್ಟು ಬಂದವರ ಸಂಸ್ಥೆಗೆ ತರಗತಿಯ ಕಾಲು ಭಾಗ ಬಡವರಿಗೆ ಕೊಡುವುದು ಹೊರೆಯಾಗುವುದಾದರೂ ಹೇಗೆ? ಕಾಯ್ದೆ ಕೇಳುತ್ತಿರುವುದು ಅವರ ಮೂಲ ಸಂಕಲ್ಪದ ನಾಲ್ಕನೇ ಒಂದು ಪಾಲನ್ನು ಮಾತ್ರ.

ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2021ರಲ್ಲಿ ಹೊರತಂದ ವರದಿಯ ಅಂಕಿಗಳು ಎದೆಗೆ ಚುಚ್ಚುವಂಥವು. ದೇಶದ ಅಲ್ಪಸಂಖ್ಯಾತ ಶಾಲೆಗಳಲ್ಲಿ ಸಾಮಾಜಿಕವಾಗಿ, ಆರ್ಥಿಕವಾಗಿ ಹಿಂದುಳಿದ ಹಿನ್ನೆಲೆಯ ಮಕ್ಕಳು ಶೇ 8.76 ಮಾತ್ರ. ಕ್ರೈಸ್ತ ಶಾಲೆಗಳಲ್ಲಿ ಓದುವವರಲ್ಲಿ ಸುಮಾರು ಶೇ 74 ಮಂದಿ ಕ್ರೈಸ್ತೇತರರು. ಅಂದರೆ ಬಾಗಿಲು ಎಲ್ಲ ಧರ್ಮದವರಿಗೂ ತೆರೆದಿದೆ, ಅದು ಸಂತೋಷದ ಸಂಗತಿ. ಆದರೆ ಒಳಗೆ ಬರುತ್ತಿರುವವರಲ್ಲಿ ಹೆಚ್ಚಿನವರು ಫೀಸು ಕಟ್ಟಬಲ್ಲವರ ಮಕ್ಕಳು. ಸಮುದಾಯದ ಸಂಸ್ಕೃತಿ ಉಳಿಸಿಕೊಳ್ಳಲೆಂದು ಕೊಟ್ಟ ರಕ್ಷಣೆಯನ್ನು, ಮುಕ್ಕಾಲು ಪಾಲು ಬೇರೆ ಸಮುದಾಯದ ಮಕ್ಕಳೇ ಇರುವ ಶಾಲೆಯಲ್ಲಿ ಬಡ ಮಗುವೊಂದನ್ನು ಹೊರಗಿಡಲು ಬಳಸುವುದಕ್ಕೆ ನ್ಯಾಯ ಎಲ್ಲಿದೆ?

ಹದಿನೇಳನೇ ಶತಮಾನದ ಫ್ರಾನ್ಸಿನಲ್ಲಿ ಪಾದ್ರಿ ಝಾನ್ ಬಾಪ್ಟಿಸ್ಟ್ ದ ಲಾ ಸಾಲ್ ಕುಶಲಕರ್ಮಿಗಳ ಮಕ್ಕಳಿಗೆ ಶುಲ್ಕವಿಲ್ಲದೆ, ಲ್ಯಾಟಿನ್ ಬಿಟ್ಟು ಮನೆಮಾತಿನಲ್ಲಿ ಓದಿಸಿದ. ಆ ಪರಂಪರೆಯ ವಾರಸುದಾರರು ಬಡವರ ಪಾಲಿಗೆ ಕಾನೂನಿನ ವಿನಾಯಿತಿ ಕೇಳುವ ಸ್ಥಿತಿಗೆ ಬರಬಾರದಿತ್ತು.

ವಿರೋಧ

ಬಡವರಿಗೆ ಸೀಟು ಕೊಡಬಾರದೆಂದು ಯಾವ ಸಭೆಯೂ ಹೇಳುತ್ತಿಲ್ಲ. ಯಾರಿಗೆ ಕೊಡಬೇಕೆಂದು ಸರ್ಕಾರದ ಲಾಟರಿ ತೀರ್ಮಾನಿಸಬೇಕೇ, ಊರನ್ನು ಬಲ್ಲ ಸಿಸ್ಟರ್ ತೀರ್ಮಾನಿಸಬೇಕೇ ಎಂಬುದು ಪ್ರಶ್ನೆ. ಸಂವಿಧಾನದ 30(1)ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ಸ್ಥಾಪಿಸುವ ಹಕ್ಕಿನ ಜತೆಗೆ ನಡೆಸುವ ಹಕ್ಕನ್ನೂ ಕೊಟ್ಟಿದೆ. ಪ್ರವೇಶವನ್ನು ಕಿತ್ತುಕೊಂಡರೆ ನಡೆಸುವುದರಲ್ಲಿ ಉಳಿಯುವುದೇನು?

ಸೀಟು ಕೊಡಿಸುವ ಮಾತಾಡುವ ಸರ್ಕಾರದ ನಡವಳಿಕೆಯನ್ನೂ ನೋಡಬೇಕು. 2019-20ರ ಸಾಲಿನಿಂದ ಕರ್ನಾಟಕ ತನ್ನ ನಿಯಮವನ್ನೇ ಬದಲಿಸಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟಿಲ್ಲ. ಹಳ್ಳಿಗಾಡಿನಲ್ಲಿ ನೆರೆಹೊರೆ ಎಂದರೆ ಕಂದಾಯ ಗ್ರಾಮ. ನುಗ್ಗೇಹಳ್ಳಿಯಲ್ಲಿ ಸರ್ಕಾರಿ ಶಾಲೆ ಇದೆ. ಹಾಗಾಗಿ ನಾಡಕಚೇರಿಯಲ್ಲಿ ಸರದಿ ನಿಂತು ಜಾತಿ, ಆದಾಯದ ಪ್ರಮಾಣಪತ್ರ ಮಾಡಿಸಿಕೊಂಡು ಬಂದ ಕೂಲಿಕಾರನ ಮಗುವಿಗೆ ಪಟ್ಟಣದ ಯಾವ ಖಾಸಗಿ ಶಾಲೆಯಲ್ಲೂ, ಅದು ಯಾವ ಧರ್ಮದವರದೇ ಇರಲಿ, ಈ ಕಾಯ್ದೆಯ ಸೀಟು ಸಿಗದು. ನಾಳೆ ವಿಸ್ತೃತ ಪೀಠ ಪ್ರಮತಿ ತೀರ್ಪನ್ನು ಪೂರ್ತಿ ಅಳಿಸಿಹಾಕಿದರೂ ಅಷ್ಟೆ. ಕಾನ್ವೆಂಟುಗಳತ್ತ ಬೆರಳು ತೋರಿಸುವವರು ಈ ನಿಯಮದ ಬಗ್ಗೆ ಬಾಯಿ ಬಿಡದಿರುವುದು ನೋವಿನ ವಿಚಾರ.

ಇನ್ನು ಶೇ 8.76ರ ಲೆಕ್ಕ. ಅದನ್ನು ತಳ್ಳಿಹಾಕಲಾಗದು, ಸಭೆಗಳು ಅದಕ್ಕೆ ಉತ್ತರ ಕೊಡಲೇಬೇಕು. ಆದರೆ ಅದು ದೇಶದ ಎಲ್ಲ ಅಲ್ಪಸಂಖ್ಯಾತ ಶಾಲೆಗಳನ್ನೂ ಒಟ್ಟಿಗೆ ಸೇರಿಸಿದ ಅಂಕಿ. ಮಹಾನಗರದ ದುಬಾರಿ ಶಾಲೆಯೂ ಅದರಲ್ಲಿದೆ, ಹಳ್ಳಿಯ ಕನ್ನಡ ಶಾಲೆಯೂ ಅದರಲ್ಲಿದೆ. ಸಭೆಯೊಂದರ ಬಡವರ ಸೇವೆಯನ್ನು ಅಳೆಯಬೇಕಾದದ್ದು ಅದರ ಎಲ್ಲ ಕೆಲಸವನ್ನೂ ಜೊತೆಗಿಟ್ಟು. ಬೆಂಗಳೂರಿನ ಬೀದಿಮಕ್ಕಳಿಗಾಗಿ ಸಲೇಷಿಯನ್ ಸಭೆಯವರು 1980ರಲ್ಲಿ ಆರಂಭಿಸಿದ ‘ಬೋಸ್ಕೊ’ ಯಾವ ಸೀಟು ಹಂಚಿಕೆಯ ಪಟ್ಟಿಯಲ್ಲೂ ಕಾಣುವುದಿಲ್ಲ.

ಫೀಸು ತೆಗೆದುಕೊಳ್ಳುವುದೇ ದ್ರೋಹ ಎನ್ನುವವರು ಸ್ವಲ್ಪ ಹಿಂದಕ್ಕೆ ತಿರುಗಿ ನೋಡಬಹುದು. ಉಚಿತ ಶಿಕ್ಷಣವನ್ನೇ ನಿಯಮ ಮಾಡಿಕೊಂಡಿದ್ದ ಜೆಸ್ವಿಟ್ ಸಭೆಯವರಿಗೂ ಹಳೆಯ ದತ್ತಿಗಳು ಕೈಬಿಟ್ಟ ಮೇಲೆ ಶಾಲೆ ನಡೆಸುವುದು ಕಷ್ಟವಾಗಿ, 1833ರಲ್ಲಿ ಪೋಪ್ ಹದಿನಾರನೇ ಗ್ರೆಗರಿ ಶುಲ್ಕ ಪಡೆಯಲು ಅನುಮತಿ ಕೊಡಬೇಕಾಯಿತು. ಇಲ್ಲಿನ ಕಥೆಯೂ ಹೆಚ್ಚು ಬೇರೆಯಲ್ಲ. 1995ರ ನಂತರ ಆರಂಭವಾದ ಕನ್ನಡ ಮಾಧ್ಯಮ ಶಾಲೆಗಳು ಅನುದಾನಕ್ಕಾಗಿ ವರ್ಷಗಟ್ಟಲೆ ಬೇಡಿಕೊಳ್ಳುತ್ತಲೇ ಇವೆ. ಅನುದಾನವಿಲ್ಲದ ಊರಿನಲ್ಲಿ ಮೇಷ್ಟ್ರ ಸಂಬಳ ಎಲ್ಲಿಂದ ಬರಬೇಕು? ಪಟ್ಟಣದ ಇಂಗ್ಲಿಷ್ ಶಾಲೆಯ ಫೀಸಿನಲ್ಲಿ ಉಳಿದ ಹಣದಿಂದಲೇ ಬರಬೇಕು. ಆ ಹಣದ ಮೂಲಕ್ಕೇ ಕೈ ಹಾಕಿ, ಆರ್‌ಟಿಇ ಸೀಟಿಗೆ ಸರ್ಕಾರ ಕೊಡಬೇಕಾದ ಶುಲ್ಕದ ಮರುಪಾವತಿಯನ್ನೂ ತಡಮಾಡಿದರೆ ಮೊದಲು ಮುಚ್ಚುವುದು ಹಳ್ಳಿಯ ಶಾಲೆ. ಬಡಮಕ್ಕಳ ಮೇಲೆ ಕಾಳಜಿ ಇದ್ದರೆ ಸರ್ಕಾರ ಅನುದಾನಕ್ಕೆ ಎಳೆದಿರುವ 1995ರ ಗೆರೆಯನ್ನು ಅಳಿಸಲಿ, 2019ರ ನಿಯಮವನ್ನು ಹಿಂಪಡೆಯಲಿ. ಆಮೇಲೆ ಸಿಸ್ಟರ್‌ಗಳ ಮುಂದೆ ಕೂತು, ಎಷ್ಟು ಬಡಮಕ್ಕಳನ್ನು ಸೇರಿಸಿಕೊಂಡಿರಿ ಎಂದು ವರ್ಷ ವರ್ಷವೂ ಲೆಕ್ಕ ಕೇಳಲಿ.