ಟೆಂಟು ಕಿತ್ತರು, ಬೋರ್ಡು ಹೊತ್ತರು

ಟೀವಿ ಧಣಿಗಳಿಗೆ ಹೆಸರಿನ ಬರ ಬಂದಿದೆ. 2015ರಲ್ಲಿ ಶುರುವಾಗಿ 2025ರಲ್ಲಿ ಮತ್ತೆ ಬಂದ ನಗೆ ಕಾರ್ಯಕ್ರಮಕ್ಕೆ ‘ಮಜಾ ಟಾಕೀಸ್’ ಅಂತ ಹೆಸರು. ನಗಿಸಲಿ, ಅದಕ್ಕೆ ನಮ್ಮ ತಕರಾರಿಲ್ಲ. ಟಾಕೀಸು ಅನ್ನೋ ಮಾತು ಯಾರ ಹಟ್ಟಿಯಿಂದ ಹೋಯಿತು ಅನ್ನೋದು ನಮ್ಮ ಪ್ರಶ್ನೆ.

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಟೂರಿಂಗ್ ಟಾಕೀಸು ಅಂದರೆ ಬರೀ ಸಿನಿಮಾ ಆಗಿರಲಿಲ್ಲ. ಸಂಜೆ ಟೆಂಟಿನ ಸ್ಪೀಕರಿನಲ್ಲಿ ಘಂಟಸಾಲ ಹಾಡಿದ ವೆಂಕಟೇಶನ ಹಾಡು ಎದ್ದರೆ ಟಿಕೇಟು ಕೊಡೋ ಹೊತ್ತಾಯಿತು ಅಂತ ಅರ್ಥ. ಆ ಹಾಡಿಗೆ ಕಾಸಿಲ್ಲ. ಊರಿಗೆ ಕೇಳಿದಷ್ಟೇ ಕೇರಿಗೂ ಕೇಳುತ್ತಿತ್ತು. ಗಾಳಿಗೆ ಮೈಲಿಗೆ ಇಲ್ಲವಲ್ಲ! ಒಳಗೆ ಹೋದರೆ ನೆಲ, ಬೆಂಚು, ಕುರ್ಚಿ. ನೆಲದಲ್ಲಿ ಕೂತವರು ಯಾರು ಅಂತ ಬಿಡಿಸಿ ಹೇಳಬೇಕೆ? ಶಿಳ್ಳೆ ಹೊಡೆದು ಹಾಡಿಗೆ ಜೀವ ತುಂಬಿದವರೂ ಆ ನೆಲದವರೇ. ಟೆಂಟುಗಳು ಮುಚ್ಚಿದವು. ಹೆಸರು ಸ್ಟುಡಿಯೋ ಸೇರಿತು. ನೆಲದವರು ಸೇರಲಿಲ್ಲ.

ಇನ್ನೊಂದು, ‘ಎದೆ ತುಂಬಿ ಹಾಡುವೆನು’. ಜಿ.ಎಸ್. ಶಿವರುದ್ರಪ್ಪನವರ ಕವಿತೆಯ ಹೆಸರನ್ನೇ ತುಸು ತಿರುಚಿ ಇಟ್ಟುಕೊಂಡದ್ದು. ಯಾರು ಕೇಳಲಿ ಬಿಡಲಿ, ಹಾಡುವುದೇ ನನ್ನ ಕೆಲಸ ಅನ್ನುವ ಕವಿತೆ ಅದು. ಅದರ ಬೋರ್ಡಿನ ಕೆಳಗೆ ಮಕ್ಕಳಿಗೆ ಅಂಕ, ಸೋತವರಿಗೆ ಕಣ್ಣೀರು, ಕಣ್ಣೀರಿಗೂ ಒಂದು ಕ್ಯಾಮೆರಾ.

ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪುಜನರ ಅಪೋಲೋ ರಂಗಮಂದಿರ ಇದೆ. 1987ರಲ್ಲಿ ಅದರ ಹೆಸರಲ್ಲೂ ಟೀವಿ ಕಾರ್ಯಕ್ರಮ ಬಂತು. ಅಲ್ಲಿ ಕೊನೇಪಕ್ಷ ಕ್ಯಾಮೆರಾ ಆ ರಂಗಕ್ಕೇ ಹೋಯಿತು. ಹಿಡಿಸದಿದ್ದರೆ ಕೂಗಿ ಹಾಡುಗಾರರನ್ನ ಇಳಿಸೋ ಹಕ್ಕು ಅಲ್ಲಿನ ಜನರದೇ ಆಗಿತ್ತು. ನಮ್ಮಲ್ಲಿ ಕ್ಯಾಮೆರಾ ಊರಿಗೆ ಬರೋದಿಲ್ಲ. ಪ್ಲೈವುಡ್ಡಿನ ಅರಳೀಕಟ್ಟೆ, ಬಣ್ಣದ ಕಾಗದದ ಜಾತ್ರೆ ಸ್ಟುಡಿಯೋದಲ್ಲೇ ಏಳುತ್ತವೆ. ಆ ಜಾತ್ರೆಯಲ್ಲಿ ಯಾರು ಏನು ಮುಟ್ಟಿದರೂ ದಂಡವಿಲ್ಲ. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಉತ್ಸವದ ಕೋಲು ಮುಟ್ಟಿದ ದಲಿತ ಹುಡುಗನ ಮನೆಯವರಿಗೆ ಹಾಕಿದ ದಂಡ 60 ಸಾವಿರ ರೂಪಾಯಿ. ದೇವರ ಮುಂದೆ ಬಡಿಯೋಕೆ ತಮಟೆ ಬೇಕು, ಬಡಿದ ಕೈ ಬೇಡ. ಚಿಂತಾಮಣಿ ಕಡೆಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು, ಸಂತೋಷ. ಆದರೆ ಟೀವಿ ಹಾಡಿನಲ್ಲಿ ತಮಟೆ ಬರೋದು ಹೀರೋ ಕುಣಿಯೋ ಹೊತ್ತಿಗೆ ಮಾತ್ರ.

ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಇದೆ. ಕೋಟಿಗಾನಹಳ್ಳಿ ರಾಮಯ್ಯನವರೂ ಗೆಳೆಯರೂ ಕಟ್ಟಿದ್ದು. ಅಲ್ಲಿ ಬೆಳದಿಂಗಳಲ್ಲಿ ನಡೆದುಬಂದದ್ದು ‘ಹುಣ್ಣಿಮೆ ಹಾಡು’. ಎಂಥಾ ಹೆಸರು! ಇದಿನ್ನೂ ಧಣಿಗಳ ಕಣ್ಣಿಗೆ ಬಿದ್ದಂಗಿಲ್ಲ. ಬಿದ್ದರೆ?

1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಪ್ರಕಾರ ಹೆಸರು ನೋಂದಾಯಿಸಿದವನಿಗೆ ಹತ್ತು ವರ್ಷದ ಹಕ್ಕು, ಆಮೇಲೆ ನವೀಕರಣ. ಅವನಿಗಿಂತ ಮೊದಲಿಂದ ಎಡೆಬಿಡದೆ ಬಳಸುತ್ತ ಬಂದವರನ್ನು ಅವನು ತಡೆಯುವಂತಿಲ್ಲ ಅಂತ ಅದೇ ಕಾಯ್ದೆಯ 34ನೇ ಕಲಮು ಹೇಳುತ್ತದೆ. ಆದರೆ ಬಳಸಿದ್ದಕ್ಕೆ ದಾಖಲೆ? ಭೂಮಿಗೆ ಪಹಣಿ ಇಲ್ಲದೆ ಕೆಟ್ಟ ಜನ ನಾವು, ಹಾಡಿಗೆ ಎಲ್ಲಿಂದ ತರೋಣ? ಸಂಘದ ಕರಪತ್ರ, ಹಾಡಿನ ಹಾಳೆ, ಮೈಕ್‌ಸೆಟ್ಟಿನವನ ರಸೀದಿ ಗೆದ್ದಲಿಗೆ ಬಿಡಬೇಡಿ. ಮೇಷ್ಟ್ರುಗಳೇ, ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕೂತು ಊರು, ದಿನಾಂಕ ಬರೆದಿಡಿ. ಬೇರೆಯವರ ಅರ್ಜಿ ಜರ್ನಲ್ಲಿನಲ್ಲಿ ಪ್ರಕಟವಾದ ಮೇಲೆ ತಕರಾರು ಹಾಕೋಕೆ ಇರೋದು ನಾಲ್ಕೇ ತಿಂಗಳು.